ಸೀಮಂತಕ್ಕೆ ಬಂದ ಸಕ್ಕರೆ ಕಾಯಿಲೆ

ತ್ರಿವೇಣಿ ಗಟ್ಟಿಮುಟ್ಟಾಗಿದ್ದದ್ದೇ ತಪ್ಪಾಯಿತು. ರಕ್ತ ಚೆನ್ನಾಗಿದೆ, ಬಿಪಿ ಚೆನ್ನಾಗಿದೆ, ಮಗು ಒಳಗೆ ಕುಸ್ತಿ ಆಡುತ್ತಿದೆ ಎಂದು ಚಳ್ಳಕೆರೆಯ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಹೇಳಿದಾಗ ಅವಳ ಗಂಡ ಓಂಕಾರಮೂರ್ತಿ ಎಲ್ಲ ಗಂಡಂದಿರಂತೆ ಹಿಗ್ಗಿದ. ಆ ಹಿಗ್ಗಿಗೆ ಇನ್ಶೂರೆನ್ಸ್ ಕಂಪನಿ ದಂಡ ಹಾಕುತ್ತದೆ ಎಂದು ಪಾಪ, ಅವನಿಗೇನು ಗೊತ್ತು.

ಓಂಕಾರಮೂರ್ತಿ ಊರಿನ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನವರು ನೌಕರರಿಗೆಲ್ಲ, ಹೆಂಡತಿ, ಹೆಂಡತಿಯ ತವರಿನವರನ್ನೂ ಸೇರಿಸಿ, ಆರೋಗ್ಯ ವಿಮೆ ಮಾಡಿಸಿದ್ದರು. ಮಾಡಿಸಿದ್ದರು ಎಂದರೆ ತಿಂಗಳಾ ತಿಂಗಳಾ ನೌಕರರ ಸಂಬಳದಲ್ಲೇ ಹಿಡಿಯುತ್ತಿದ್ದರು. ವರ್ಷಗಟ್ಟಲೆ ಹಿಡಿದರೂ ಓಂಕಾರಮೂರ್ತಿಯ ಮನೆಯಲ್ಲಿ ಒಬ್ಬರಿಗೂ ನೆಗಡಿಗಿಂತ ದೊಡ್ಡ ಕಾಯಿಲೆ ಬರಲಿಲ್ಲ. ಕೊನೆಗೆ ಹೆಂಡತಿಯ ಬಸುರಿನ ಸ್ಕ್ಯಾನು, ರಕ್ತ ಪರೀಕ್ಷೆಗಳ ಬಿಲ್ಲನ್ನು ಅವನು ಮೊದಲ ಸಲ ಕಂಪನಿಗೆ ಕಳಿಸಿದ. ಹೋದಷ್ಟೇ ಬೇಗ ಅದು ವಾಪಸು ಬಂತು.

ಕಾರಣ, ಬಿಲ್ಲಿನ ಮೂಲೆಯಲ್ಲಿದ್ದ ಕಾಯಿಲೆಯ ಕೋಡು. ಜಗತ್ತಿನ ಒಂದೊಂದು ಕಾಯಿಲೆಗೂ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಕೊಟ್ಟಿರುತ್ತಾರಂತೆ. ಕಾಯಿಲೆ ಇಲ್ಲದೆ ಬರೀ ತಪಾಸಣೆಗೆ ಹೋಗುವವರನ್ನು ಮಾತ್ರ ಝಡ್ ಎಂಬ ಕೊನೆಯ ಅಕ್ಷರಕ್ಕೆ ತಳ್ಳಿರುತ್ತಾರೆ, ಕರೆಯದೆ ಬಂದವರನ್ನು ಕೊನೇ ಪಂಕ್ತಿಗೆ ಕೂರಿಸಿದ ಹಾಗೆ. ತ್ರಿವೇಣಿಯದು ಝಡ್ ಮೂವತ್ತಾರು, ಹೆರಿಗೆಗೆ ಮುಂಚಿನ ತಪಾಸಣೆ. ಬಸುರು ಕಾಯಿಲೆಯಲ್ಲ, ಆದ್ದರಿಂದ ಹಣವಿಲ್ಲ ಎಂದು ಕಂಪನಿ ಬರೆದಿತ್ತು. ಬಸುರಿನಲ್ಲಿ ಕಾಯಿಲೆ ಬಂದರೆ ಮಾತ್ರ ಕೊಡುತ್ತಾರಂತೆ.

ಓಂಕಾರಮೂರ್ತಿಗೆ ಮೈ ಉರಿದುಹೋಯಿತು. ನ್ಯಾಯವಾಗಿ ನೋಡಿದರೆ ಅವನ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಕಾಯಿಲೆ ಬರದಿರಲಿ ಎಂದು ತಪಾಸಣೆ ಮಾಡಿಸಿದವನಿಗೆ ನಾಮ, ಬರುವ ತನಕ ಸುಮ್ಮನಿದ್ದವನಿಗೆ ದುಡ್ಡು. ಇದು ಯಾವ ಸೀಮೆ ಧರ್ಮ? ಜೊತೆಗೆ ಅವನಿಗೊಂದು ಮಾತು ಉಳಿಸಿಕೊಳ್ಳುವುದಿತ್ತು. ಸ್ಕ್ಯಾನು ಗೀನು ಯಾತಕ್ಕೆ, ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಏನಾಗಿದೆ ಎಂದು ಮೊಳಕಾಲ್ಮೂರಿನ ಅತ್ತೆ ಶಿವಬಸಮ್ಮ ಮೂಗು ಮುರಿದಾಗ, ನಮ್ಮದು ಒಂದು ಪೈಸೆ ಹೋಗುವುದಿಲ್ಲ, ಎಲ್ಲ ಕಂಪನಿ ಕೊಡುತ್ತದೆ ಎಂದು ಇವನು ಬೀಗರೆದುರು ಎದೆ ತಟ್ಟಿಕೊಂಡಿದ್ದ. ಆ ಮಾತು ಬಿದ್ದುಹೋದರೆ ಅತ್ತೆಯ ಬಾಯಿಗೆ ವರ್ಷಪೂರ್ತಿ ಎಲೆಅಡಿಕೆ ಸಿಕ್ಕಂತೆ.

ಅವನು ಬಿಲ್ಲು ಹಿಡಿದು ನರ್ಸಿಂಗ್ ಹೋಮಿಗೆ ಹೋಗಿ, ಕೌಂಟರಿನಲ್ಲಿ ಕೂರುವ ಗೆಳೆಯ ಮಹಾಂತೇಶನ ಮೇಲೆ ಹರಿಹಾಯ್ದ. ಮಹಾಂತೇಶ್ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಸುಮ್ನೆ ಯಾಕೆ ಕೂಗಾಡ್ತೀಯಲೇ. ಓ ಇಪ್ಪತ್ನಾಲ್ಕು ಅಂತ ಹಾಕಿಬಿಡ್ತೀನಿ. ಬಸುರೀಲಿ ಬರೋ ಸಕ್ಕರೆ ಕಾಯಿಲೆ ಅದು. ಹೆರಿಗೆ ಆದ್ಮೇಲೆ ತಾನಾಗೇ ಹೋಗುತ್ತೆ, ಯಾರಿಗೂ ತೊಂದ್ರೆ ಇಲ್ಲ."

ಹೀಗೆ ಕಂಪ್ಯೂಟರಿನ ಮೇಲೆ ಎರಡು ಬೆರಳು ಆಡಿದ್ದಕ್ಕೆ, ಹೋಳಿಗೆ ಎಂದರೆ ಪ್ರಾಣ ಬಿಡುವ ತ್ರಿವೇಣಿಗೆ ಅವಳಿಗೇ ಗೊತ್ತಿಲ್ಲದೆ ಸಕ್ಕರೆ ಕಾಯಿಲೆ ಬಂತು. ಬಿಲ್ಲು ಮತ್ತೆ ಕಂಪನಿಗೆ ಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ತ್ರಿವೇಣಿಯ ಸೀಮಂತ. ಮೊಳಕಾಲ್ಮೂರಿನಿಂದ ಮೊದಲ ಬಸ್ಸಿಗೇ ಶಿವಬಸಮ್ಮ, ಅವರ ಮುದಿ ತಾಯಿ, ತಂಗಿ, ಚಿಕ್ಕ ಮಗಳು ಗಿರಿಜಾ ಎಲ್ಲ ಬಂದಿಳಿದರು. ಹಸಿರು ಸೀರೆ, ಹಸಿರು ಬಳೆ, ಡಬ್ಬಿಗಟ್ಟಲೆ ಕರ್ಜಿಕಾಯಿ, ರವೆ ಉಂಡೆ, ಬುಟ್ಟಿ ತುಂಬ ಹೋಳಿಗೆ. ಶಿವಬಸಮ್ಮ ಬಂದವರೇ ಅಳಿಯನ ಮುಂದೆ ನಿಂತು ಒಂದೇ ಉಸಿರಿಗೆ ಹತ್ತು ಮಾತು ಹೇಳಿದರು. ಪಾಯಸಕ್ಕೆ ಬೆಲ್ಲ ಸಾಲದು, ಶಾಮಿಯಾನ ವಾಲಿದೆ, ಗಿರಿಜಾಗೊಂದು ಸಂಬಂಧ ಬಂದಿದೆ, ಕುರ್ಚಿ ಇನ್ನೂ ಬಂದಿಲ್ಲವೇಕೆ, ತೆಂಗಿನಕಾಯಿ ಎಲ್ಲಿ. ಓಂಕಾರಮೂರ್ತಿ ಎಲ್ಲದಕ್ಕೂ ತಲೆಯಾಡಿಸಿದ. ಅವನ ಕಿವಿ ಆಗಲೇ ಬೇರೆ ಕಡೆ ಇತ್ತು, ಯಾಕೆಂದರೆ ಪಕ್ಕದ ಮನೆ ಜಂಪಣ್ಣ ಬೇಲಿ ಆಚೆಯಿಂದ ಕೈಸನ್ನೆ ಮಾಡುತ್ತಿದ್ದ.

ಜಂಪಣ್ಣ ರಿಟೈರಾದ ಬಸ್ ಕಂಡಕ್ಟರು. ಬೀದಿಗೆಲ್ಲ ಇದ್ದದ್ದು ಅವನ ಮನೆಯದೊಂದೇ ಫೋನು, ಹಾಗಾಗಿ ಬೀದಿಯ ಸಮಾಚಾರವೆಲ್ಲ ಮೊದಲು ಅವನದು, ಆಮೇಲೆ ಸಂಬಂಧಪಟ್ಟವರದು. ಇನ್ಶೂರೆನ್ಸ್ ಕಂಪನಿಯಿಂದ ಫೋನು ಬಂದಿತ್ತೆಂದೂ, ಇವತ್ತೇ ಯಾರೋ ಮನೆಗೆ ಬಂದು ಕಾಯಿಲೆಯವರನ್ನು ಕಣ್ಣಾರೆ ನೋಡಿ ಬರೆದುಕೊಂಡು ಹೋಗುತ್ತಾರೆಂದೂ ಅವನು ಹೇಳಿದ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಎಂದು ಕೇಳಿದರೆ, ಅದೆಲ್ಲ ಕೇಳುವುದಕ್ಕೆ ಅದೇನು ನನಗೆ ಬಂದ ಫೋನಾ ಎಂದು ತಿರುಗಿಬಿದ್ದ. ಹೋಗುವ ಮುಂಚೆ, ಮನೆಯಲ್ಲಿ ಯಾರಿಗೆ ಕಾಯಿಲೆ ಎಂದು ವಿಚಾರಿಸುವುದನ್ನು ಮರೆಯಲಿಲ್ಲ.

ಓಂಕಾರಮೂರ್ತಿ ಮನೆಯ ಕಡೆ ತಿರುಗಿ ನೋಡಿದ. ಸಕ್ಕರೆ ಕಾಯಿಲೆಯ ಬಸುರಿಯನ್ನು ನೋಡಲು ಕಂಪನಿಯವರು ಬರುವ ದಿನವೇ ಆ ಬಸುರಿಯ ಮುಂದೆ ಊರಿನ ಸಿಹಿಯೆಲ್ಲ ಸುರಿದಿದೆ. ಅತ್ತೆಗೆ ಹೇಳುವ ಹಾಗಿಲ್ಲ. ತುಂಬಿದ ಬಸುರಿಯ ಹೆಸರಿನಲ್ಲಿ ರೋಗ ಬರೆಸುವುದು ಅಪಶಕುನ. ಕೇಳಿದರೆ ಶಿವಬಸಮ್ಮ ಶಾಮಿಯಾನವನ್ನೇ ಕಿತ್ತು ಅವನ ತಲೆ ಮೇಲೆ ಹಾಕುತ್ತಿದ್ದರು. ಹೆಂಡತಿಯನ್ನು ಅಡುಗೆಮನೆಯ ಹಿಂದಕ್ಕೆ ಕರೆದು ಮೆಲ್ಲಗೆ ವಿಷಯ ಬಿಚ್ಚಿದ. ಒಂದು ದಿನ ಸಿಹಿ ಮುಟ್ಟಬೇಡ, ಸ್ವಲ್ಪ ಸುಸ್ತಾದ ಹಾಗೆ ಕೂತಿರು ಎಂದು ಗೋಗರೆದ.

ತ್ರಿವೇಣಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇಲ್ಲದ ರೋಗ ನನಗೆ ಅಂಟಿಸಿ ಬಂದೀರಾ? ನಾನು ಹೋಳಿಗೆ ತಿನ್ನಾಕಿ. ಯಾರು ಬರ್ತಾರೋ ಬರ್ಲಿ, ಅವರ ಮುಂದೇನೆ ತಿಂತೀನಿ. ಅವ್ವಗೆ ಹೇಳಲ್ಲ, ಅಷ್ಟೇ ನಿಮ್ಮ ಪುಣ್ಯ."

ಇನ್ನು ಉಳಿದಿದ್ದು ಒಂದೇ ದಾರಿ. ಬಂದ ಮನುಷ್ಯನನ್ನು ಹೊರಗೇ ಕೂರಿಸಿ, ಬಾಯಿಮಾತಿನಲ್ಲೇ ಸಕ್ಕರೆ ತಿನ್ನಿಸಿ ಕಳಿಸುವುದು. ಓಂಕಾರಮೂರ್ತಿ ಬಾಗಿಲಲ್ಲಿ ಕಾವಲು ನಿಂತ.

ಹೆಂಗಸರು ಗುಂಪುಗುಂಪಾಗಿ ಬರತೊಡಗಿದರು. ಓಣಿಯವರು, ಮಿಲ್ಲಿನವರು, ಪರಶುರಾಂಪುರದ ನೆಂಟರು. ಹೆಗಲಿಗೆ ಚೀಲ ಹಾಕಿದ ಒಬ್ಬ ನಡುವಯಸ್ಸಿನ ಹೆಂಗಸು ಮೆಟ್ಟಿಲ ಬಳಿ ನಿಂತು, ಓಂಕಾರಮೂರ್ತಿಯವರ ಮನೆ ಇದೇನಾ ಎಂದು ಕೇಳಿದರು. ಅವನು ರಸ್ತೆಯ ಮೇಲಿಟ್ಟ ಕಣ್ಣು ತೆಗೆಯದೆ, ಇದೇ ಕಣ್ರಿ, ಹೆಂಗಸರೆಲ್ಲ ಒಳಗಿದ್ದಾರೆ ಹೋಗ್ರಿ ಎಂದ. ಆಕೆ ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶಿವಬಸಮ್ಮ ಬಂದು ಕೈ ಹಿಡಿದು ಎಳೆದುಕೊಂಡು ಹೋದರು. ಮಡಿಲು ತುಂಬುವ ಹೊತ್ತಿಗೆ ಹೊಸ್ತಿಲಿಗೆ ಬಂದ ಮುತ್ತೈದೆಯನ್ನು ಯಾರು, ಯಾವೂರು ಎಂದು ಕೇಳುವ ಪದ್ಧತಿ ಆ ಮನೆತನದಲ್ಲಿಲ್ಲ. ಕುಂಕುಮ ಹಚ್ಚಿ, ಬಳೆ ತೊಡಿಸಿ, ಎಲೆಯ ಮುಂದೆ ಕೂರಿಸಬೇಕು, ಅಷ್ಟೇ.

ಅಷ್ಟರಲ್ಲಿ ಅವನು ಬಂದ. ಬೂದಿ ಬಣ್ಣದ ಸಫಾರಿ, ಕಂಕುಳಲ್ಲಿ ಕಪ್ಪು ಬ್ಯಾಗು, ಮೂಗಿನ ತುದಿಗೆ ಕನ್ನಡಕ. ಸೀದಾ ಒಳಗೆ ಬರಲಿಲ್ಲ. ಮನೆಯ ಮುಂದೆ ನಿಂತು ಗೋಡೆ ನೋಡಿದ, ಮಾಡು ನೋಡಿದ, ಕಿಟಕಿಯಿಂದ ಒಳಗೆ ಇಣುಕಿದ. ಸರ್ಕಾರವೋ ಕಂಪನಿಯೋ, ತನಿಖೆಗೆ ಬಂದವನಲ್ಲದೆ ಇನ್ನಾರು ಹೀಗೆ ಇಣುಕುತ್ತಾರೆ? ಓಂಕಾರಮೂರ್ತಿ ಓಡಿಹೋಗಿ ಕುರ್ಚಿ ಹಾಕಿ, ತಾನೇ ಟವೆಲ್ಲಿನಿಂದ ಒರೆಸಿ ಕೂರಿಸಿದ.

"ಹೊತ್ತು ಹೇಳ್ದೆ ಬಂದಿದ್ದಕ್ಕೆ ತಪ್ಪು ತಿಳೀಬ್ಯಾಡ್ರಿ," ಎಂದ ಆ ಮನುಷ್ಯ. "ಹೇಳಿ ಬಂದ್ರೆ ಎಲ್ರೂ ಸಿಂಗಾರ ಮಾಡ್ಕಂಡು ಕುಂತಿರ್ತಾರೆ. ಹಿಂಗೆ ಬಂದ್ರೇನೆ ಇದ್ದಿದ್ದು ಇದ್ದಂಗೆ ಕಾಣೋದು."

ಸರಿಯಾಗಿ ಹೇಳಿದಿರಿ ಸಾರ್ ಎಂದು ಓಂಕಾರಮೂರ್ತಿ ಹಲ್ಲು ಕಿರಿದ. ಒಳಗೊಳಗೇ ಹಲ್ಲು ಕಡಿದ. ಇಷ್ಟು ವರ್ಷ ಸಂಬಳದಲ್ಲಿ ಹಿಡಿಯುವಾಗ ಯಾವನೂ ಬಂದು ಕಿಟಕಿಯಲ್ಲಿ ಇಣುಕಲಿಲ್ಲ. ಒಂದು ಸಲ ಕೊಡಿ ಎಂದ ಕೂಡಲೇ ಪತ್ತೇದಾರನನ್ನು ಕಳಿಸಿದ್ದಾರೆ.

ಸಫಾರಿಯವನು ಕಾಫಿ ಕುಡಿಯುತ್ತ ಅದೂ ಇದೂ ಮಾತಾಡಿ, ಕೊನೆಗೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡ. ಮೊಳಕಾಲ್ಮೂರಿನ ಮನೆತನ ಹೇಗೆ, ಆರೋಗ್ಯದ ವಿಚಾರದಲ್ಲಿ ಏನಾದರೂ ಉಂಟಾ ಎಂದು ಕೇಳಿದ. ನೀವು ಮನೆಯ ಅಳಿಯ, ನಿಮಗೆ ಗೊತ್ತಿಲ್ಲದ್ದು ಇರುವುದಿಲ್ಲ ಎಂದ.

"ಮರೆಮಾಚಬ್ಯಾಡ್ರಿ. ಆಮೇಲೆ ಗೊತ್ತಾದ್ರೆ ಎರಡೂ ಕಡೆಗೆ ಕಷ್ಟ."

ಓಂಕಾರಮೂರ್ತಿ ಇದಕ್ಕೇ ಕಾದಿದ್ದ. ಮುಖ ಸಣ್ಣಗೆ ಮಾಡಿಕೊಂಡ. "ಸಕ್ಕರೆ ಐತೆ ಸಾರ್. ನಿಮ್ಮ ಹತ್ರ ಯಾಕೆ ಸುಳ್ಳು ಹೇಳ್ಲಿ? ವಂಶದಲ್ಲೇ ಐತೆ."

ಆ ಮನುಷ್ಯ ಕಾಫಿ ಲೋಟ ಕೆಳಗಿಟ್ಟ. ಅವನ ಕಣ್ಣಿನಲ್ಲಿ ಇನ್ನೂ ಅನುಮಾನ ಇದೆ ಅನ್ನಿಸಿ ಓಂಕಾರಮೂರ್ತಿ ಒಬ್ಬೊಬ್ಬರನ್ನಾಗಿ ಎಳೆದು ತಂದ. ಅತ್ತೆಗೆ ಹದಿನೈದು ವರ್ಷದಿಂದ ಇದೆ, ಗುಳಿಗೆ ನುಂಗಿದರೇ ಎದ್ದು ಓಡಾಡುವುದು. ಅತ್ತೆಯ ತಾಯಿಗೆ ಅದರಿಂದ ಕಾಲಿನ ಎರಡು ಬೆರಳು ತೆಗೆಸಬೇಕಾಯಿತು. ಅತ್ತೆಯ ತಂಗಿಗೆ ಕಣ್ಣೇ ಮಂಜಾಗಿ ಈಗ ಗೋಡೆ ಹಿಡಿದು ನಡೆಯುತ್ತಾರೆ. ನಿಜ ಹೇಳಬೇಕೆಂದರೆ ಈ ಚಿಕ್ಕತ್ತೆ ಮೊಳಕಾಲ್ಮೂರಿನಲ್ಲಿ ಈಗಲೂ ಮಗ್ಗದ ಮುಂದೆ ಕೂತು, ಕೂದಲಿನಂಥ ರೇಷ್ಮೆ ಎಳೆ ಕಡಿದರೆ ಕನ್ನಡಕವಿಲ್ಲದೆ ಗಂಟು ಹಾಕುವವರು. ಸಿಟ್ಟಿನಲ್ಲಿದ್ದ ಮನುಷ್ಯನಿಗೆ ಸುಳ್ಳು ಹೇಳುವಾಗಲೂ ತಾನು ನ್ಯಾಯಕ್ಕೇ ಹೋರಾಡುತ್ತಿದ್ದೇನೆ ಅನ್ನಿಸುತ್ತದೆ.

"ಮಗಳಿಗೂ ಬಂದೈತಾ?"

"ಬಂದೈತೆ ಸಾರ್. ಈ ಬಸುರೀಲೇ ಕಾಣಿಸ್ಕೊಂಡಿದ್ದು."

"ಮತ್ತೆ ಚಿಕ್ಕೋಳಿಗೆ?"

ವಂಶವನ್ನೆಲ್ಲ ಜಾಲಾಡುತ್ತಿದ್ದಾನಲ್ಲ, ಗಟ್ಟಿ ಅಧಿಕಾರಿಯೇ ಎಂದುಕೊಂಡ ಓಂಕಾರಮೂರ್ತಿ. ಈಗ ಸದ್ಯಕ್ಕಿಲ್ಲ, ಆದರೆ ಇವತ್ತಲ್ಲ ನಾಳೆ ಬರದೆ ಎಲ್ಲಿ ಹೋಗುತ್ತದೆ ಎಂದು ನಿಟ್ಟುಸಿರು ಬಿಟ್ಟ.

ಸಫಾರಿಯವನು ಎದ್ದು, ನಡುಮನೆಯ ಬಾಗಿಲಿಗೆ ಹೋಗಿ ಒಳಗೆ ನೋಡತೊಡಗಿದ. ಅಲ್ಲಿ ಹಸಿರು ಸೀರೆಯ ತ್ರಿವೇಣಿ ಎಲೆಯ ಮುಂದೆ ರಾಣಿಯಂತೆ ಕೂತಿದ್ದಳು. ಪಕ್ಕದಲ್ಲಿ ಆ ಚೀಲದ ಹೆಂಗಸು. ಗಿರಿಜಾ ಹೋಳಿಗೆ ಬಡಿಸುತ್ತಿದ್ದಳು. ತ್ರಿವೇಣಿ ಗಂಡನ ಮುಖ ನೋಡಿದಳು, ಬೇಕೆಂದೇ ತುಪ್ಪ ಸುರಿಸಿಕೊಂಡು ಹೋಳಿಗೆ ಎತ್ತಿದಳು. ಓಂಕಾರಮೂರ್ತಿ ಹಿಂದೆ ಮುಂದೆ ನೋಡದೆ ಹೆಂಗಸರ ನಡುವೆ ನುಗ್ಗಿ, ಆ ಹೋಳಿಗೆಯನ್ನು ಅವಳ ಕೈಯಿಂದ ಕಿತ್ತು ತನ್ನ ಬಾಯಿಗೆ ತುರುಕಿಕೊಂಡ. ಎಲೆಯಲ್ಲಿದ್ದ ಇನ್ನೊಂದನ್ನೂ ತಿಂದ. ಕರ್ಜಿಕಾಯಿಯನ್ನು ಜೇಬಿಗೆ ಹಾಕಿಕೊಂಡ.

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಬಸುರಿಯ ಎಲೆಗೆ ಕೈ ಹಾಕುವ ಗಂಡನನ್ನು ಅವರು ಕಂಡಿರಲಿಲ್ಲ. ಶಿವಬಸಮ್ಮನ ತಾಯಿ ಮಾತ್ರ, ಬಯಕೆ ಇವಳಿಗೋ ಇವನಿಗೋ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಓಂಕಾರಮೂರ್ತಿ ಬಾಯಿ ತುಂಬಿಕೊಂಡು ಹೊರಗೆ ಬಂದಾಗ ಸಫಾರಿಯವನು ಬ್ಯಾಗು ಕಂಕುಳಿಗೆ ಸೇರಿಸಿಕೊಂಡು ಹೊರಟು ನಿಂತಿದ್ದ. ಊಟ ಮಾಡಿಕೊಂಡು ಹೋಗಿ ಎಂದರೂ ಕೇಳಲಿಲ್ಲ. ಇವನ ಭುಜದ ಮೇಲೆ ಕೈಯಿಟ್ಟ. ಅವನ ದನಿ ಒದ್ದೆಯಾಗಿತ್ತು.

"ನಿಮ್ಮಂಥ ಸತ್ಯವಂತರು ಈ ಕಾಲ್ದಾಗೆ ಸಿಗಲ್ಲ. ದೊಡ್ಡ ಉಪಕಾರ ಆತು."

ಅವನು ತಿರುವಿನಲ್ಲಿ ಮರೆಯಾದ ಮೇಲೆ ಓಂಕಾರಮೂರ್ತಿ ಜೇಬಿನಿಂದ ಕರ್ಜಿಕಾಯಿ ತೆಗೆದು ನಿಧಾನವಾಗಿ ತಿನ್ನತೊಡಗಿದ. ಕಂಪನಿಯನ್ನು ಗೆದ್ದ ರುಚಿ ಅದರಲ್ಲಿತ್ತು. ಹಣ ಬಂದ ದಿನ ಅತ್ತೆಯ ಮುಂದೆ ಯಾವ ಮುಖ ಮಾಡಿಕೊಂಡು ನಿಲ್ಲಬೇಕು ಎಂದು ಯೋಚಿಸುತ್ತಿದ್ದಾಗ ಆ ಚೀಲದ ಹೆಂಗಸು ಹೊರಗೆ ಬಂದರು. ಹಣೆ ತುಂಬ ಕುಂಕುಮ, ಎರಡು ಕೈಗೂ ಹೊಸ ಬಳೆ, ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು.

"ಊಟ ಬಹಳ ಚೆನ್ನಾಗಿತ್ತು," ಎಂದರು ಆಕೆ. "ಬಂದಾಗಿನಿಂದ ಹೇಳಬೇಕು ಅಂತಿದ್ದೆ, ಯಾರೂ ಬಿಡಲೇ ಇಲ್ಲ. ನಾನು ಲಕ್ಷ್ಮೀದೇವಿ ಅಂತ. ಇನ್ಶೂರೆನ್ಸ್ ಕಂಪನಿಯಿಂದ ಬಂದಿದೀನಿ."

ಓಂಕಾರಮೂರ್ತಿ ಉಳಿದ ಕರ್ಜಿಕಾಯಿಯನ್ನು ಮತ್ತೆ ಜೇಬಿಗೆ ಸೇರಿಸಿದ.

ಲಕ್ಷ್ಮೀದೇವಿ ಮೊದಲು ನರ್ಸಾಗಿದ್ದವರು, ಒಳ್ಳೆಯವರು. ಆದರೆ ಕಂಡದ್ದನ್ನು ಬರೆಯಬೇಕಾದವರು. ನಿಮ್ಮ ಹೆಂಡತಿ ನನ್ನ ಪಕ್ಕದಲ್ಲೇ ಕೂತು, ನೀವು ಕಿತ್ತುಕೊಂಡದ್ದು ಬಿಟ್ಟು ನಾಲ್ಕು ಹೋಳಿಗೆ ತಿಂದರು ಎಂದರು. ನಮ್ಮ ಮನೆತನದಲ್ಲಿ ತೊಂಬತ್ತರವರೆಗೆ ಯಾರಿಗೂ ಒಂದು ಕಾಯಿಲೆ ಇಲ್ಲ, ಮಗಳ ಪರೀಕ್ಷೆಯೆಲ್ಲ ಚೆನ್ನಾಗಿ ಬಂದಿದೆ ಎಂದು ನಿಮ್ಮ ಅತ್ತೆಯೇ ನನಗೆ ರಿಪೋರ್ಟು ತಂದು ತೋರಿಸಿದರು ಎಂದರು. ಕೋಡನ್ನು ಮತ್ತೆ ಝಡ್‌ಗೆ ಬದಲಾಯಿಸದೆ ಬೇರೆ ದಾರಿಯಿಲ್ಲ. ಮೋಸ ಎಂದು ಬರೆಯಬಹುದಿತ್ತು, ಉಂಡ ಮನೆಯಾದ್ದರಿಂದ ನರ್ಸಿಂಗ್ ಹೋಮಿನ ಕೈತಪ್ಪು ಎಂದು ಬರೆಯುತ್ತೇನೆ ಎಂದರು.

ಓಂಕಾರಮೂರ್ತಿಗೆ ಅಷ್ಟು ದಿನದ ಉರಿಯೆಲ್ಲ ಒಮ್ಮೆಲೇ ಬಾಯಿಗೆ ಬಂತು. "ನೀವೇ ಹೇಳ್ರಿ ಮೇಡಂ, ಆರೋಗ್ಯವಾಗಿರೋದು ಅಪರಾಧಾನಾ? ವರ್ಷಗಟ್ಲೆ ದುಡ್ಡು ಕಟ್ಟಿದ್ದು ರೋಗ ಬರಲಿ ಅಂತಾನಾ ನಾವು?"

ಅದು ನನಗೂ ಸರಿ ಕಾಣುವುದಿಲ್ಲ ಎಂದು ಲಕ್ಷ್ಮೀದೇವಿ ತಲೆ ತಗ್ಗಿಸಿದರು. ಹೆರಿಗೆ ಸುಸೂತ್ರವಾಗಲಿ ಎಂದು ಹರಸಿ, ಮಡಿಲಕ್ಕಿ ಚೆಲ್ಲದಂತೆ ಸೆರಗು ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಆಗ ಓಂಕಾರಮೂರ್ತಿಯ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಈಕೆ ಕಂಪನಿಯವರಾದರೆ ಆ ಸಫಾರಿಯವನು ಯಾರು?

ಯಾರನ್ನೂ ಕೇಳುವ ತೊಂದರೆ ಅವನಿಗೆ ಬೀಳಲಿಲ್ಲ. ಶಿವಬಸಮ್ಮ ಎಲೆಅಡಿಕೆ ತಟ್ಟೆ ಹಿಡಿದು ನಗುನಗುತ್ತ ಹೊರಗೆ ಬಂದು, ಅತ್ತಿತ್ತ ಹುಡುಕಿದರು. ರಾಂಪುರದ ತೋಟಪ್ಪನವರು ಎಲ್ಲಿ, ಗಿರಿಜಾಗೆ ಬಂದ ಸಂಬಂಧದ ಹುಡುಗನ ತಂದೆ, ಈಗಷ್ಟೇ ಕಿಟಕಿಯಿಂದ ಕಂಡೆನಲ್ಲ ಎಂದರು. ಹುಡುಗಿಯನ್ನು ಸೀಮಂತದ ಓಡಾಟದಲ್ಲೇ ನೋಡಿಕೊಂಡು, ಮನಸ್ಸಿಗೆ ಬಂದರೆ ಇವತ್ತೇ ಸೀರೆ ಕೊಟ್ಟು ಹೋಗುತ್ತೇನೆ ಎಂದಿದ್ದರಂತೆ. ಸೀರೆ ಆ ಕಪ್ಪು ಬ್ಯಾಗಿನಲ್ಲೇ ಇದ್ದಿರಬೇಕು. ಬೆಳಗ್ಗೆ ನಿನಗೆ ಹೇಳಿರಲಿಲ್ಲವಾ ಎಂದು ಕೇಳಿದರು.

ಅಳಿಯನ ಬಾಯಿಂದ ಮಾತು ಬರುವ ಮೊದಲೇ ಬೇಲಿಯ ಆಚೆ ಜಂಪಣ್ಣ ಕಾಣಿಸಿಕೊಂಡ. ಅವನು ಕಂಡಕ್ಟರಾಗಿದ್ದಾಗ ಸ್ಟಾಪಿನ ಹೆಸರು ಕೂಗುತ್ತಿದ್ದ ದನಿಯಲ್ಲೇ ಇಡೀ ಓಣಿಗೆ ಸುದ್ದಿ ಬಿತ್ತರಿಸಿದ. ತೋಟಪ್ಪನವರು ಬಸ್ ಸ್ಟ್ಯಾಂಡಿನ ಬೂತಿನಿಂದ ಫೋನು ಮಾಡಿದ್ದರು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಶಿವಬಸಮ್ಮನವರ ಸಕ್ಕರೆ, ಅಜ್ಜಿಯ ಹೋದ ಬೆರಳು, ಚಿಕ್ಕಮ್ಮನ ಹೋದ ಕಣ್ಣು ಕೇಳಿ ಬಹಳ ನೋವಾಯಿತು. ತೋಟಪ್ಪನವರ ಅಣ್ಣನೂ ಅದೇ ಕಾಯಿಲೆಯಲ್ಲಿ ತೀರಿಕೊಂಡವರು. ಮನೆಮಂದಿಯೆಲ್ಲ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಇಲ್ಲ ಎಂದು ಬರೆಸಿ ತೋರಿಸಿದರೆ ಮುಂದಿನ ಮಾತು, ಇಲ್ಲದಿದ್ದರೆ ಈ ಮಾತು ಇಲ್ಲಿಗೇ ಬಿಟ್ಟುಬಿಡೋಣ ಎಂದರಂತೆ.

ಚಿಕ್ಕತ್ತೆ ತನ್ನ ಕಣ್ಣು ಮುಟ್ಟಿ ನೋಡಿಕೊಂಡರು. ಅಜ್ಜಿ ಸೀರೆಯ ಅಂಚು ಎತ್ತಿ ಕಾಲಿನ ಬೆರಳು ಎಣಿಸಿಕೊಂಡರು. ಬಾಗಿಲ ಮರೆಯಲ್ಲಿ ಗಿರಿಜಾ ಅಳುತ್ತಿದ್ದಳು, ಅದನ್ನು ನೋಡಿ ಓಂಕಾರಮೂರ್ತಿಗೆ ನಿಜವಾಗಿಯೂ ನಾಚಿಕೆಯಾಯಿತು. ಅವನು ಝಡ್‌ನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡ. ಶಿವಬಸಮ್ಮ ಬೈಯುತ್ತಾರೆ ಎಂದುಕೊಂಡಿದ್ದ. ಅವರು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಬಹುವಚನದಲ್ಲಿ ತಣ್ಣಗೆ ಮಾತಾಡಿದರು.

"ರೋಗ ಹಂಚಿದೋರು ನೀವು, ವಾಪಸ್ ತಗಳ್ಳೋರೂ ನೀವೇ. ನಡೀರಿ."

ಸಂಜೆ ನರ್ಸಿಂಗ್ ಹೋಮಿನ ಮುಂದೆ ಒಂದು ಮೆರವಣಿಗೆಯೇ ಬಂದಿಳಿಯಿತು. ನಾಳೆ ಬೆಳಗ್ಗೆ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬರಬೇಕು, ಇವತ್ತು ಹೆಸರು ಬರೆಸಿ ಹಣ ಕಟ್ಟಬೇಕು ಎಂದರು. ಶಿವಬಸಮ್ಮ, ತ್ರಿವೇಣಿ, ಗಿರಿಜಾ. ಅಜ್ಜಿಗೆ ಕಾಲು ಪರೀಕ್ಷೆ ಬೇರೆ. ಚಿಕ್ಕತ್ತೆಗೆ ಕಣ್ಣಿನ ಪರೀಕ್ಷೆ ಬೇರೆ. ಇಷ್ಟು ಹೋಳಿಗೆ ತಿಂದ ಅಳಿಯನದೂ ಒಂದಿರಲಿ ಎಂದು ಅಜ್ಜಿ ಅಪ್ಪಣೆ ಕೊಡಿಸಿದರು. ಬಿಲ್ಲಿನ ಮೊತ್ತ ತ್ರಿವೇಣಿಯ ಎಲ್ಲ ಸ್ಕ್ಯಾನುಗಳನ್ನೂ ದಾಟಿ ಮುಂದೆ ಹೋಯಿತು.

ಮಹಾಂತೇಶ್ ಕಂಪ್ಯೂಟರಿನ ಮೇಲೆ ಬೆರಳಿಟ್ಟು ಗೆಳೆಯನ ಮುಖ ನೋಡಿದ. ಅಭ್ಯಾಸಬಲದಿಂದ ದನಿ ತಗ್ಗಿಸಿದ.

"ಕೋಡ್ ಏನ್ ಹಾಕ್ಲಿ ಹೇಳಪ್ಪ. ಕಾಯಿಲೆ ಐತೆ ಅಂತ ಹಾಕಿದ್ರೆ ಕಂಪನಿ ಪೂರ್ತಿ ಕೊಡುತ್ತೆ. ಸಂಬಂಧ ತಪ್ಪಿಹೋಗುತ್ತೆ. ಇಲ್ಲ ಅಂತ ಹಾಕಿದ್ರೆ ಸಂಬಂಧ ಕೂಡುತ್ತೆ. ದುಡ್ಡು ನಿಂದೇ."

ಓಂಕಾರಮೂರ್ತಿ ಹಿಂದೆ ತಿರುಗಿ ನೋಡಿದ. ಶಿವಬಸಮ್ಮ ಬೆಂಚಿನ ಮೇಲೆ ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದರು. ಅವನು ಜೇಬಿಗೆ ಕೈ ಹಾಕಿ, ಅಂಟಿದ ಕರ್ಜಿಕಾಯಿಯ ಪುಡಿ ಕೊಡವಿ, ಪರ್ಸು ತೆಗೆದ.

"ಎಲ್ಲರಿಗೂ ಝಡ್ ಹಾಕು," ಎಂದ.